ಗೋಡೆಯೇ ದೀಪವಾದ ಕಥೆ

'ದ ಮ್ಯಾಂಡಲೋರಿಯನ್' ಸರಣಿಯ ನಾಯಕ ಮುಖ ತೋರಿಸುವುದೇ ಅಪರೂಪ. ತಲೆಗೆ ಲೋಹದ ಶಿರಸ್ತ್ರಾಣ, ಎದೆ ಭುಜಗಳಿಗೆ ಫಳಫಳ ಹೊಳೆಯುವ ಕವಚ. ನೋಡುವವರಿಗೆ ಸೊಗಸು, ಗ್ರಾಫಿಕ್ಸ್ ಮಾಡುವವರಿಗೆ ತಲೆನೋವು. ಅಂಥ ವೇಷದವನನ್ನು ಗ್ರೀನ್ ಮ್ಯಾಟ್ (ಆಮೇಲೆ ಅಳಿಸಿ ಬೇರೆ ಹಿನ್ನೆಲೆ ಕೂರಿಸಲೆಂದು ಕಟ್ಟುವ ಹಸಿರು ಬಟ್ಟೆ) ಮುಂದೆ ನಿಲ್ಲಿಸಿದರೆ ಮೈಯೆಲ್ಲ ಹಸಿರು. ಹಿನ್ನೆಲೆಯ ಹಸಿರು ಯಾವುದು, ಕವಚದಲ್ಲಿ ಕಾಣುವ ಹಸಿರು ಯಾವುದು ಎಂಬುದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಎರಡನ್ನೂ ಅಳಿಸಿ ನಾಯಕನ ಎದೆಯಲ್ಲೇ ತೂತು ಮಾಡಿಬಿಡುತ್ತದೆ. ಆ ಹಸಿರನ್ನು ಫ್ರೇಮಿನಿಂದ ಫ್ರೇಮಿಗೆ ಕೈಯಿಂದ ತೆಗೆಯುತ್ತ ಕೂತರೂ ಕೆಲಸ ಮುಗಿಯದು. ಮರಳುಗಾಡಿನಲ್ಲಿ ನಿಂತವನ ಹೆಗಲ ಮೇಲೆ ಮರಳುಗಾಡಿನ ಆಕಾಶವೇ ಹೊಳೆಯಬೇಕಲ್ಲ?

2019ರ ನವೆಂಬರ್ 12ರಂದು ಡಿಸ್ನಿ ಪ್ಲಸ್‌ನಲ್ಲಿ ಶುರುವಾದ ಈ ಸರಣಿಯ ಸೃಷ್ಟಿಕರ್ತ ಜಾನ್ ಫಾವ್ರೋ. ಅವರ ತಂಡ ಈ ತೊಡಕನ್ನು ಬಿಡಿಸಿದ್ದು ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಸ್ಟುಡಿಯೊದಲ್ಲಿ ಒಂದು ಗೋಡೆ ಕಟ್ಟಿ. 20 ಅಡಿ ಎತ್ತರ, 75 ಅಡಿ ಅಗಲದ ಜಾಗವನ್ನು 270 ಡಿಗ್ರಿ ಸುತ್ತುವರಿದ ಆ ಗೋಡೆಯಲ್ಲಿ ಇದ್ದದ್ದು 1,326 ಎಲ್‌ಇಡಿ ಫಲಕಗಳು. ಮೇಲೆ ಚಾವಣಿಯೂ ಎಲ್‌ಇಡಿಯೇ. ಮೊದಲ ಸೀಸನ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಈ ಆವರಣದೊಳಗೇ ಚಿತ್ರೀಕರಣಗೊಂಡಿತು. ಅಲ್ಲಿನವರು ಅದನ್ನು 'ವಾಲ್ಯೂಮ್' ಎನ್ನುತ್ತಾರೆ. ಗೋಡೆಯ ಮೇಲೆ ಮರುಭೂಮಿ ಮೂಡಿದರೆ ಅದರ ಬೆಳಕು ಕವಚದ ಮೇಲೂ ಬೀಳುತ್ತದೆ. ಪ್ರತಿಬಿಂಬವನ್ನು ಆಮೇಲೆ ಬರೆಯಬೇಕಿಲ್ಲ.

ಈ ಗೋಡೆಯ ಬಗ್ಗೆ ಬರುವ ಬರಹಗಳೆಲ್ಲ ಅದರ ಮೇಲಿನ ಚಿತ್ರವನ್ನೇ ಹೊಗಳುತ್ತವೆ. ನನಗೆ ಮುಖ್ಯ ಎನಿಸುವುದು ಅದರಿಂದ ಹೊಮ್ಮುವ ಬೆಳಕು. ಕಲಾವಿದರ ಹಿಂದೆ ಚಿತ್ರ ಓಡಿಸುವ ಉಪಾಯ 90 ವರ್ಷ ಹಳೆಯದು. ಆ ಚಿತ್ರದ ಬೆಳಕು ಕಲಾವಿದರ ಮುಖದ ಮೇಲೆ ಬೀಳಲು ಇಷ್ಟು ಕಾಲ ಬೇಕಾಯಿತು.

ನಮ್ಮ ಕಂಪನಿ ನಾಟಕದವರು ಅರಮನೆ, ಕಾಡು, ಬೀದಿಗಳನ್ನು ಪರದೆಯ ಮೇಲೆ ಬರೆಸಿಕೊಂಡು ಊರೂರು ತಿರುಗಿದರು. ಹಾಲಿವುಡ್ಡಿಗೆ ಓಡುವ ಪರದೆ ಬೇಕಾಯಿತು. 1920ರ ದಶಕದ ಕೊನೆಗೆ ಸಿನಿಮಾಕ್ಕೆ ಮಾತು ಬಂತು. ಗಾಳಿ, ಗದ್ದಲಗಳ ನಡುವೆ ಹೊರಾಂಗಣದಲ್ಲಿ ಧ್ವನಿ ಹಿಡಿಯುವುದು ಕಷ್ಟವಾಗಿ, ಕಾರಿನ ಪ್ರಯಾಣದಂಥ ದೃಶ್ಯವೂ ಸ್ಟುಡಿಯೊದೊಳಗೆ ಬರಬೇಕಾಯಿತು. ಮೊದಲೇ ಚಿತ್ರೀಕರಿಸಿದ ರಸ್ತೆಯನ್ನು ಅರೆಪಾರದರ್ಶಕ ಪರದೆಯ ಹಿಂದಿನಿಂದ ಪ್ರೊಜೆಕ್ಟರಿನಲ್ಲಿ ಬಿಡುವುದು, ಮುಂದೆ ಅರ್ಧ ಕಾರಿನಲ್ಲಿ ನಾಯಕ ನಾಯಕಿಯರನ್ನು ಕೂರಿಸಿ ಶೂಟ್ ಮಾಡುವುದು. ಇದೇ ಬ್ಯಾಕ್ ಪ್ರೊಜೆಕ್ಷನ್. ಪ್ರೊಜೆಕ್ಟರಿನ ಶಟರ್ ಮತ್ತು ಕ್ಯಾಮೆರಾದ ಶಟರ್ ಒಂದೇ ಕ್ಷಣಕ್ಕೆ ತೆರೆದುಕೊಳ್ಳದಿದ್ದರೆ ಹಿನ್ನೆಲೆ ಮಿಣುಕುತ್ತದೆ. ಹಾಗಾಗಿ ಎರಡರ ಮೋಟಾರುಗಳನ್ನೂ ಒಂದಕ್ಕೊಂದು ಜೋಡಿಸಿದರು. 1933ರ 'ಕಿಂಗ್ ಕಾಂಗ್' ಈ ಉಪಾಯವನ್ನು ಧಾರಾಳವಾಗಿ ಬಳಸಿಕೊಂಡಿತು. ಪ್ಯಾರಮೌಂಟ್ ಸ್ಟುಡಿಯೊದ ಫಾರ್ಸಿಯೊ ಎಡ್ವರ್ಟ್ ಚಿತ್ರ ಮಂಕಾಗುವುದನ್ನು ತಪ್ಪಿಸಲು ಮೂರು ಪ್ರೊಜೆಕ್ಟರುಗಳಿಂದ ಒಂದೇ ದೃಶ್ಯವನ್ನು ಒಂದರ ಮೇಲೊಂದು ಬೀಳಿಸಿದರು.

ಆದರೂ ಮೋಸ ಗೊತ್ತಾಗುತ್ತಿತ್ತು. ಹಳೆಯ ಕನ್ನಡ ಸಿನಿಮಾಗಳಲ್ಲಿ ನಾಯಕ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ ಹಾಡುವಾಗ ಹಿಂದಿನ ರಸ್ತೆ ತನ್ನ ಪಾಡಿಗೆ ನೆಟ್ಟಗೆ ಹೋಗುತ್ತಿದ್ದುದನ್ನು ನೋಡಿ ನಕ್ಕವರು ಈಗಲೂ ಇದ್ದಾರೆ. ರಸ್ತೆಗಿಂತ ದೊಡ್ಡ ಎಡವಟ್ಟು ಬೆಳಕಿನದು. ಪರದೆ ಮೊದಲೇ ಮಂಕು. ಕಲಾವಿದರಿಗೆ ಹಾಕಿದ ಲೈಟಿನ ಒಂದಂಶ ಅತ್ತ ತಾಗಿದರೂ ಚಿತ್ರ ಬಿಳಿಚಿಕೊಳ್ಳುತ್ತಿತ್ತು. ಹಾಗಾಗಿ ಮುಖದ ಲೈಟಿಂಗೇ ಬೇರೆ, ಹಿನ್ನೆಲೆಯ ಬಿಸಿಲೇ ಬೇರೆ. ಮರಗಳ ಸಾಲು ಹಿಂದೆ ಓಡಿದರೂ ಅವುಗಳ ನೆರಳು ಮುಖದ ಮೇಲೆ ಹಾಯುತ್ತಿರಲಿಲ್ಲ.

1968ರ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರಕ್ಕೆ ಸ್ಟ್ಯಾನ್ಲಿ ಕುಬ್ರಿಕ್ ಪ್ರೊಜೆಕ್ಟರನ್ನು ಪರದೆಯ ಮುಂದಕ್ಕೇ ತಂದರು. ಆದಿಮಾನವರ ಆಫ್ರಿಕಾವನ್ನು ಇಂಗ್ಲೆಂಡಿನ ಸ್ಟುಡಿಯೊದಲ್ಲಿ ತೋರಿಸಬೇಕಿತ್ತು. ಕ್ಯಾಮೆರಾದ ಎದುರು 45 ಡಿಗ್ರಿ ಓರೆಯಾಗಿ ಅರೆಗನ್ನಡಿ ಇಟ್ಟು, ಪ್ರೊಜೆಕ್ಟರಿನ ಬೆಳಕು ಲೆನ್ಸಿನ ನೇರಕ್ಕೇ ಹೋಗುವಂತೆ ಮಾಡಿದರು. ಪರದೆಗೆ ಹಚ್ಚಿದ್ದು 3ಎಂ ಕಂಪನಿಯ ಸ್ಕಾಚ್‌ಲೈಟ್, ಹೆದ್ದಾರಿ ಫಲಕಗಳು ರಾತ್ರಿ ಹೆಡ್‌ಲೈಟಿಗೆ ಹೊಳೆಯುವುದಕ್ಕೆ ಕಾರಣವಾಗುವ ಬಗೆಯ ವಸ್ತು. ಬೆಳಕನ್ನು ಬಂದ ದಾರಿಯಲ್ಲೇ ವಾಪಸು ಕಳಿಸುವುದು ಅದರ ಗುಣ. ನಟರ ಮೈಮೇಲೂ ಅದೇ ಚಿತ್ರ ಬೀಳುತ್ತಿತ್ತು, ಆದರೆ ಕಾಣದಷ್ಟು ಕ್ಷೀಣವಾಗಿ. ಸ್ಕಾಚ್‌ಲೈಟಿನ ಒಂದು ಸುರುಳಿಗೂ ಇನ್ನೊಂದಕ್ಕೂ ಹೊಳಪಿನಲ್ಲಿ ವ್ಯತ್ಯಾಸವಿದ್ದು ಪರದೆಯಲ್ಲಿ ಗೆರೆಗಳು ಎದ್ದುಕಂಡಾಗ, ಅದನ್ನು ಅಡ್ಡಾದಿಡ್ಡಿ ಹರಿದು ತುಂಡುಗಳಾಗಿ ಅಂಟಿಸಿ ಗೆರೆ ಮರೆಸಿದರು. ಆ ಭಾಗದಲ್ಲಿ ಬೇಟೆಯ ಪಕ್ಕ ಕೂತ ಚಿರತೆಯ ಕಣ್ಣುಗಳು ಕೆಂಡದಂತೆ ಹೊಳೆಯುತ್ತವೆ. ಅದು ಯಾರೂ ಯೋಚಿಸಿ ಮಾಡಿದ್ದಲ್ಲ. ಚಿರತೆಯ ಕಣ್ಣೂ ಬೆಳಕನ್ನು ಬಂದಲ್ಲಿಗೇ ಮರಳಿಸುತ್ತದೆ, ಅಷ್ಟೇ.

ಆ ಹೊತ್ತಿಗೆ ಇನ್ನೊಂದು ದಾರಿಯೂ ತೆರೆದಿತ್ತು. ಹಿನ್ನೆಲೆಯನ್ನು ಶೂಟಿಂಗ್ ವೇಳೆ ತೋರಿಸುವುದೇ ಬೇಡ, ನೀಲಿ ಬಟ್ಟೆ ಕಟ್ಟಿ ಆಮೇಲೆ ಅಂಟಿಸಿದರಾಯಿತು ಎಂಬುದು ಅದರ ತಿರುಳು. ಪೆಟ್ರೊ ವ್ಲಾಹೋಸ್ 1959ರ 'ಬೆನ್‌-ಹರ್' ಹೊತ್ತಿಗೆ ಈ ವಿಧಾನವನ್ನು ಪಳಗಿಸಿದ್ದರು. ಡಿಜಿಟಲ್ ಬಂದ ಮೇಲೆ ನೀಲಿಯ ಜಾಗಕ್ಕೆ ಹಸಿರು ಬಂತು, ಜಗತ್ತಿನ ಸ್ಟುಡಿಯೊಗಳೆಲ್ಲ ಹಸಿರಾದವು. ನಟರು ಇಲ್ಲದ ರಾಕ್ಷಸನನ್ನು ನೋಡಿ ಬೆಚ್ಚುವುದನ್ನು ಕಲಿತರು.

ಗೋಡೆ ಹುಟ್ಟಲು ಬೇಕಾದ ವಸ್ತು ಸಿನಿಮಾದವರ ಕೈಗೆ ಬಂದದ್ದು ತೀರಾ ಬೇರೆ ಕಡೆಯಿಂದ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಕೆಂಪು, ಹಸಿರು, ನೀಲಿ ಮೂರೂ ಪ್ರಖರವಾಗಿದ್ದರೆ ಮಾತ್ರ ಪೂರ್ಣ ಬಣ್ಣದ ಚಿತ್ರ. ನೀಲಿಯೇ ಕೈಗೆ ಸಿಗದೆ ಮೂರು ದಶಕ ಕಳೆಯಿತು. ಜಪಾನಿನ ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೊ ಗ್ಯಾಲಿಯಂ ನೈಟ್ರೈಡ್ ಹರಳಿನ ಬೆನ್ನು ಹತ್ತಿದ್ದರು. ನಿಚಿಯಾ ಎಂಬ ಕಂಪನಿಯಲ್ಲಿದ್ದ ಶೂಜಿ ನಕಾಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನು ಹೊರತಂದರು. ಅದೇ ಜಾತಿಯ ಹರಳಿನಿಂದ ಒಳ್ಳೆಯ ಹಸಿರೂ ಬಂತು. ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್. 1997ರಲ್ಲೇ ಯು2 ತಂಡ ತನ್ನ 'ಪಾಪ್‌ಮಾರ್ಟ್' ಸಂಗೀತ ಪ್ರವಾಸಕ್ಕೆ ಬೃಹತ್ ಎಲ್‌ಇಡಿ ಪರದೆ ಹೊತ್ತು ತಿರುಗಿತು. ಕಳಚಿ ಲಾರಿಗೆ ಹೇರಿ ಮತ್ತೊಂದು ಊರಿನಲ್ಲಿ ಜೋಡಿಸುವ ಹಗುರ ಫಲಕಗಳನ್ನು ಬೆಳೆಸಿದ್ದು ಸಿನಿಮಾ ಅಲ್ಲ, ಇಂಥ ಸಂಗೀತ ಕಾರ್ಯಕ್ರಮಗಳು. ಇವತ್ತು ನಮ್ಮ ಮದುವೆ ಮಂಟಪ, ಚುನಾವಣಾ ಸಭೆಗಳಲ್ಲಿ ನಿಲ್ಲುವುದೂ ಅದೇ ವಂಶದ್ದು.

ಸಿನಿಮಾ ಅದನ್ನು ಮೊದಲು ಗಂಭೀರವಾಗಿ ಬಳಸಿದ್ದು ಚಿತ್ರ ತೋರಿಸುವುದಕ್ಕಲ್ಲ. 2013ರ 'ಗ್ರಾವಿಟಿ'ಯಲ್ಲಿ ಸಾಂಡ್ರಾ ಬುಲಕ್ ಬಾಹ್ಯಾಕಾಶದಲ್ಲಿ ಗಿರಗಿರನೆ ತಿರುಗುತ್ತಾರೆ. ಅವರನ್ನು ನಿಜಕ್ಕೂ ಅಷ್ಟು ವೇಗವಾಗಿ ತಿರುಗಿಸಲು ಆಗದು. ಛಾಯಾಗ್ರಾಹಕ ಇಮ್ಯಾನುಯೆಲ್ ಲುಬೆಜ್ಕಿ ಮತ್ತು ಫ್ರೇಮ್‌ಸ್ಟೋರ್ ಸಂಸ್ಥೆಯ ಟಿಮ್ ವೆಬರ್ ಒಂದು ಪೆಟ್ಟಿಗೆ ಕಟ್ಟಿಸಿದರು. ಒಳಗೋಡೆಗೆ 196 ಫಲಕ, ಒಂದೊಂದರಲ್ಲಿ 4,096 ಎಲ್‌ಇಡಿ. ನಟಿ ಹೆಚ್ಚುಕಡಿಮೆ ಒಂದೇ ಕಡೆ ಇರುತ್ತಿದ್ದರು, ಭೂಮಿ ಸೂರ್ಯರು ಅವರ ಸುತ್ತ ತಿರುಗುತ್ತಿದ್ದರು. ಮುಖದ ಮೇಲೆ ಭೂಮಿಯ ನೀಲಿ ಬೆಳಕು ಹರಿದು ಹೋಗುತ್ತಿತ್ತು. ಆಮೇಲೆ ಆ ಮುಖವನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಕಟ್ಟಿದರು. ಆ ಫಲಕಗಳ ಚಿತ್ರ ಪರದೆಯಲ್ಲಿ ಒಮ್ಮೆಯೂ ಕಾಣುವುದಿಲ್ಲ. ಅವು ಬರೀ ದೀಪಗಳು, ಚಿತ್ರದ ಆಕಾರದ ದೀಪಗಳು.

ಅದೇ ವರ್ಷದ 'ಒಬ್ಲಿವಿಯನ್'ನಲ್ಲಿ ಮೋಡಗಳ ಮೇಲೊಂದು ಗಾಜಿನ ಮನೆ. ಗಾಜಿನ ಮನೆಗೆ ನೀಲಿ ಬಟ್ಟೆ ಕಟ್ಟಿದರೆ ಮ್ಯಾಂಡಲೋರಿಯನ್ ಕವಚದ ಪಾಡೇ ಅದರದೂ. ಹವಾಯಿಯ ಹಾಲೆಯಾಕಲಾ ಶಿಖರದಿಂದ ಚಿತ್ರೀಕರಿಸಿದ ಮೋಡಗಳನ್ನು ಸೆಟ್ಟಿನ ಸುತ್ತ ಪ್ರೊಜೆಕ್ಟರುಗಳಲ್ಲಿ ಬಿಟ್ಟರು. 2018ರ 'ಫಸ್ಟ್ ಮ್ಯಾನ್'ನಲ್ಲಿ ಆ ಜಾಗಕ್ಕೆ ಎಲ್‌ಇಡಿ ಬಂತು. 35 ಅಡಿ ಎತ್ತರದ ಬಾಗಿದ ಪರದೆಯ ಎದುರು ವಿಮಾನದ ಕಾಕ್‌ಪಿಟ್ ಇಟ್ಟು ಶೂಟ್ ಮಾಡಿದರು. ಪೈಲಟ್‌ನ ಹೆಲ್ಮೆಟ್ ಗಾಜಿನಲ್ಲಿ ಕಾಣುವ ಭೂಮಿ ಅಲ್ಲೇ ಸಿಕ್ಕಿದ್ದು.

ಅಲ್ಲಿಗೂ ಪರದೆಯ ಮೇಲಿನದು ಸಿದ್ಧ ವಿಡಿಯೊ. ಕ್ಯಾಮೆರಾ ಪಕ್ಕಕ್ಕೆ ಸರಿದರೆ ಹತ್ತಿರದ ಬಂಡೆ ಬೇಗ, ದೂರದ ಗುಡ್ಡ ನಿಧಾನ ಸರಿಯಬೇಕು. ವಿಡಿಯೊದಲ್ಲಿ ಎರಡೂ ಅಲುಗುವುದಿಲ್ಲ. ಈ ಗಂಟನ್ನು ಬಿಚ್ಚಿದ್ದು ವಿಡಿಯೊ ಗೇಮ್. ಆಟಗಾರ ತಿರುಗಿದಂತೆಲ್ಲ ಲೋಕವನ್ನು ಆ ಕ್ಷಣವೇ ಹೊಸದಾಗಿ ಬರೆಯುವುದು ಗೇಮ್ ಎಂಜಿನ್ನಿನ ಕಸುಬು. ಆಟಗಾರನ ಜಾಗದಲ್ಲಿ ಕ್ಯಾಮೆರಾ ಇಟ್ಟರೆ ಸಾಕಿತ್ತು. ಎಪಿಕ್ ಗೇಮ್ಸ್‌ನ ಅನ್‌ರಿಯಲ್ ಎಂಜಿನ್ ಜೊತೆಗೂಡಿ ಐಎಲ್‌ಎಂ ಎಂಬ ಗ್ರಾಫಿಕ್ಸ್ ಸಂಸ್ಥೆ ವಾಲ್ಯೂಮನ್ನು ನಡೆಸಿತು. ಕ್ಯಾಮೆರಾ ಎಲ್ಲಿದೆ, ಎತ್ತ ನೋಡುತ್ತಿದೆ ಎಂಬುದನ್ನು ಸೆನ್ಸರುಗಳು ಎಡೆಬಿಡದೆ ತಿಳಿಸುತ್ತವೆ. ಲೆನ್ಸಿಗೆ ಕಾಣುವಷ್ಟು ಚೌಕದಲ್ಲಿ ಮಾತ್ರ ಗೋಡೆ ಪೂರ್ತಿ ವಿವರದ, ಕ್ಯಾಮೆರಾಕ್ಕೆ ತಕ್ಕಂತೆ ಸರಿಯುವ ಚಿತ್ರ ಬರೆಯುತ್ತದೆ. ಉಳಿದ ಗೋಡೆಯ ಕೆಲಸ ಬೆಳಕು ಮತ್ತು ಪ್ರತಿಬಿಂಬ ಕೊಡುವುದು. ಸೆಟ್ಟಿನ ಒಂದು ಬದಿಗೆ ಕಂಪ್ಯೂಟರುಗಳ ಸಾಲಿನ ಮುಂದೆ ಕೂತವರು ನಿರ್ದೇಶಕ ಕೇಳಿದಂತೆ ಸೂರ್ಯನನ್ನು ತಗ್ಗಿಸುತ್ತಾರೆ, ಬೆಟ್ಟವನ್ನು ನಾಲ್ಕಡಿ ಎಡಕ್ಕೆ ತಳ್ಳುತ್ತಾರೆ. ಆ ಜಾಗಕ್ಕೆ 'ಬ್ರೇನ್ ಬಾರ್' ಎಂಬ ಅಡ್ಡಹೆಸರು. ಹೊರಾಂಗಣದಲ್ಲಿ ಅರ್ಧ ಗಂಟೆಯೂ ನಿಲ್ಲದ ಸಂಜೆಗೆಂಪು ಇಲ್ಲಿ ಬೆಳಗ್ಗಿನಿಂದ ರಾತ್ರಿಯವರೆಗೆ ಸಿಗುತ್ತದೆ.

ಕಾಟಗಳೂ ಕಡಿಮೆಯಿರಲಿಲ್ಲ. ಕ್ಯಾಮೆರಾ ಅಲುಗಿದ್ದಕ್ಕೂ ಗೋಡೆ ಅದನ್ನು ಅರಿತು ಹೊರಳುವುದಕ್ಕೂ ನಡುವೆ ಆಗ ಹತ್ತು-ಹನ್ನೆರಡು ಫ್ರೇಮುಗಳ ವಿಳಂಬ. ಸರ್ರನೆ ಪ್ಯಾನ್ ಮಾಡುವಂತಿರಲಿಲ್ಲ. ಗೋಡೆಯ ಚುಕ್ಕಿಯಿಂದ ಚುಕ್ಕಿಗೆ 2.84 ಮಿಲಿಮೀಟರ್. ಈ ಚುಕ್ಕಿಗಳ ಜಾಲರಿಯೂ ಕ್ಯಾಮೆರಾ ಸೆನ್ಸರಿನ ಜಾಲರಿಯೂ ಹೊಂದದೆ ಚಿತ್ರದಲ್ಲಿ ಅಲೆಅಲೆಯಾದ ಗೆರೆಗಳು ಏಳುತ್ತವೆ. ಛಾಯಾಗ್ರಾಹಕ ಗ್ರೆಗ್ ಫ್ರೇಸರ್ ದೊಡ್ಡ ಸೆನ್ಸರಿನ ಕ್ಯಾಮೆರಾ, ಅನಮಾರ್ಫಿಕ್ ಲೆನ್ಸ್ ಹಿಡಿದು ಗೋಡೆ ಸದಾ ಮಸುಕಾಗಿರುವಂತೆ ನೋಡಿಕೊಂಡರು. ಜನ ಮೆಚ್ಚಿದ ಆ ಮಸುಕು ಹಿನ್ನೆಲೆಯಲ್ಲಿ ಕಲೆಯಷ್ಟೇ ಪಾಲು ಅನಿವಾರ್ಯತೆಯದೂ ಇದೆ. ಇನ್ನು ನೆಲ ಎಲ್‌ಇಡಿ ಅಲ್ಲವಲ್ಲ. ಅಲ್ಲಿ ಸುರಿದ ನಿಜವಾದ ಮರಳು ಗೋಡೆಯ ಮರಳಿಗೆ ಸೇರುವ ಗೆರೆಯನ್ನು ಬಂಡೆ, ದಿಬ್ಬಗಳಿಟ್ಟು ಮರೆಮಾಡುವುದು ಕಲಾ ನಿರ್ದೇಶಕರ ಪಾಲಿನ ಪರದಾಟ.

ಕೆಲಸದ ಅನುಕ್ರಮವೇ ತಲೆಕೆಳಗಾಯಿತು. ಶೂಟಿಂಗ್ ಮುಗಿದ ಮೇಲೆ ಗ್ರಾಫಿಕ್ಸ್ ಎಂಬ ಕಾಲ ಹೋಗಿ, ಕ್ಯಾಮೆರಾ ಓಡುವ ಮೊದಲೇ ಮರುಭೂಮಿ ಸಿದ್ಧವಿರಬೇಕಾಯಿತು. 'ಆಮೇಲೆ ನೋಡ್ಕೊಳ್ಳೋಣ' ಎನ್ನುವ ನಿರ್ದೇಶಕರಿಗೆ ಈ ಗೋಡೆ ಹೇಳಿಸಿದ್ದಲ್ಲ. ಆದರೂ 2020ರಲ್ಲಿ ಕೋವಿಡ್ ಪ್ರಯಾಣಕ್ಕೆ ತಡೆಯೊಡ್ಡಿದಾಗ, ಊರು ಬಿಟ್ಟು ಕದಲದೆ ಊರೂರು ತೋರಿಸುವ ಗೋಡೆಗೆ ಬೇಡಿಕೆ ಏರಿತು. ಜರ್ಮನಿಯ ಬಾಬೆಲ್ಸ್‌ಬರ್ಗ್‌ನಲ್ಲಿ ಕಟ್ಟಿದ ವಾಲ್ಯೂಮಿನಲ್ಲಿ '1899' ಸರಣಿಯ ಹಡಗು ಸಾಗಿತು. ಹೈದರಾಬಾದಿನ ಅನ್ನಪೂರ್ಣ ಸ್ಟುಡಿಯೊ 2022ರಲ್ಲಿ ಕ್ಯೂಬ್ ಸಿನಿಮಾ ಜೊತೆಗೂಡಿ ಇಂಥದೇ ವೇದಿಕೆ ತೆರೆಯಿತು.

ನೋಡುವವರೂ ಬೇಗ ಪಳಗಿದರು. ಎಷ್ಟೇ ದೊಡ್ಡ ಮರುಭೂಮಿಯಾದರೂ ಪಾತ್ರಗಳು 75 ಅಡಿಯೊಳಗೇ ಸುಳಿದಾಡುತ್ತವೆ, ದೂರದಿಂದ ಯಾರೂ ನಡೆದು ಬರುವುದಿಲ್ಲ. ಮ್ಯಾಂಡಲೋರಿಯನ್ ಸೇರಿದ 'ಸ್ಟಾರ್ ವಾರ್ಸ್' ಬಳಗದ್ದೇ ಇನ್ನೊಂದು ಸರಣಿ 'ಆಂಡೋರ್' 2022ರಲ್ಲಿ ಬಂದಾಗ ಈ ಗೋಡೆಯನ್ನು ಬಿಟ್ಟು ನಿಜವಾದ ಸೆಟ್, ನಿಜವಾದ ಗುಡ್ಡಗಳನ್ನು ಆರಿಸಿಕೊಂಡಿತು. ಕಣ್ಣಿಗೆ ಆ ಹಿಗ್ಗು ಗೊತ್ತಾಗುತ್ತದೆ. ಫ್ರೇಸರ್ ಅವರೇ 'ಡ್ಯೂನ್' ಮಾಡುವಾಗ ತಂಡ ಜೋರ್ಡಾನ್, ಅಬುಧಾಬಿಗಳ ಮರಳಿಗೇ ಹೋಯಿತು. ಹಿನ್ನೆಲೆ ಸೇರಿಸಬೇಕಾದ ಕಡೆ ನೀಲಿ ಬಟ್ಟೆಗೆ ಬದಲು ಮರಳಿನ ಬಣ್ಣದ ಬಟ್ಟೆ ಕಟ್ಟಿದರು. ಮುಖದ ಮೇಲೆ ಬೀಳುವ ಬೆಳಕಾದರೂ ಮರಳಿನದೇ ಆಗಿರಲಿ ಎಂಬ ಲೆಕ್ಕಾಚಾರ. ಹಾಗೆಂದು ಅವರು ಗೋಡೆಯನ್ನು ತೊರೆಯಲಿಲ್ಲ. 'ದ ಬ್ಯಾಟ್‌ಮನ್'ನಲ್ಲಿ ಅರ್ಧ ಕಟ್ಟಿದ ಗಗನಚುಂಬಿಯ ಮೇಲೆ ಮುಸ್ಸಂಜೆಯ ಗೋಥಮ್ ನಗರ ಕಾಣುವ ದೃಶ್ಯಗಳು ವಾಲ್ಯೂಮಿನವು. ಗೋಡೆಯನ್ನು ಎಲ್ಲಿ ಬಳಸಬೇಕು ಎಂಬುದಕ್ಕೆ ನಾನು ಕೊಡುವ ಉದಾಹರಣೆ ಅದು. ಸೂರ್ಯ ಕದಲಬಾರದು, ಪಾತ್ರಗಳು ದೂರ ಹೋಗುವುದೂ ಇಲ್ಲ.

ಈಗ ಎಂಜಿನಿಯರುಗಳು ಗುದ್ದಾಡುತ್ತಿರುವುದು ಚಿತ್ರದ ಜೊತೆಗಲ್ಲ, ದೀಪದ ಜೊತೆ. ಫಲಕದಲ್ಲಿರುವುದು ಕೆಂಪು, ಹಸಿರು, ನೀಲಿಯ ಮೂರು ಕಿರಿದಾದ ಪಟ್ಟಿಗಳು. ಕಣ್ಣಿಗೂ ಕ್ಯಾಮೆರಾಕ್ಕೂ ಆ ಮೂರರ ಮಿಶ್ರಣ ಬಿಳಿಯಾಗಿ ಕಾಣುತ್ತದೆ, ಆದರೆ ಬಿಸಿಲಿನಲ್ಲಿರುವ ಹಳದಿ, ಕಿತ್ತಳೆಯ ತರಂಗಗಳು ಅದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮನುಷ್ಯರ ಚರ್ಮದ ಬಣ್ಣ ನಿಂತಿರುವುದೇ ಆ ತರಂಗಗಳ ಮೇಲೆ. ಹಾಗಾಗಿ ಬರೀ ಗೋಡೆಯ ಬೆಳಕಿನಲ್ಲಿ ಮುಖಗಳು ಅಸಹಜ ಗುಲಾಬಿಗೆ ತಿರುಗುತ್ತವೆ. ಬಿಸಿಲಿನಲ್ಲಿ ಒಂದೇ ಬಣ್ಣವೆನಿಸುವ ಎರಡು ಬಟ್ಟೆಗಳು ಇಲ್ಲಿ ಬೇರೆಬೇರೆ ಕಾಣಬಹುದು. ವಸ್ತ್ರವಿನ್ಯಾಸದವರು ಬಟ್ಟೆಯ ತುಂಡುಗಳನ್ನು ಮೊದಲೇ ಗೋಡೆಯ ಮುಂದೆ ಹಿಡಿದು ಪರೀಕ್ಷಿಸುವುದು ಅದಕ್ಕೇ. ಬಿಳಿಯ ನಾಲ್ಕನೇ ಎಲ್‌ಇಡಿ ಸೇರಿಸಿದ ಫಲಕಗಳು ಬರತೊಡಗಿವೆ. ಮೂರೇ ಬಣ್ಣದ ಗೋಡೆಗಳಿರುವ ಕಡೆ ಲೈಟ್‌ಮನ್‌ಗಳು ಕಲಾವಿದರ ಮುಖಕ್ಕೆಂದು ಮಾಮೂಲಿ ಸಿನಿಮಾ ಲೈಟುಗಳನ್ನು ಸೇರಿಸುತ್ತಾರೆ, ಅವುಗಳ ಬೆಳಕು ಗೋಡೆಗೆ ತಾಗಿ ಚಿತ್ರ ಬಿಳಿಚಿಕೊಳ್ಳದಂತೆ ಕಪ್ಪು ಬಟ್ಟೆ ಅಡ್ಡ ಹಿಡಿಯುತ್ತಾರೆ.