ಷೇರು ವ್ಯವಹಾರ ಆರಂಭಿಸಲು ಎಷ್ಟು ಹಣ ಬೇಕು?

ಶಿವಮೊಗ್ಗ ಮತ್ತು ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿ, ಗಾರ್ಮೆಂಟ್ಸ್, ಹಾಲಿನ ಡೈರಿ ಮುಂತಾದೆಡೆ ಬಹಳಷ್ಟು ಯುವಜನರು ದುಡಿಯುತ್ತಿದ್ದಾರೆ. ಸಂಬಳ ಬಂದ ದಿನ ಮೊಬೈಲಿನಲ್ಲಿ ಷೇರು ಪೇಟೆಯ ಏರಿಳಿತ ನೋಡುವುದು ಈಗ ಸಾಮಾನ್ಯ. ಅವರಲ್ಲಿ ಮೊದಲು ಏಳುವ ಪ್ರಶ್ನೆ: ಷೇರು ವ್ಯವಹಾರಕ್ಕೆ ಎಷ್ಟು ಬಂಡವಾಳ ಬೇಕು?

ಕಾನೂನಿನಲ್ಲಿ ಕನಿಷ್ಠ ಮೊತ್ತವೆಂಬುದಿಲ್ಲ. ಒಂದೇ ಒಂದು ಷೇರನ್ನೂ ಕೊಳ್ಳಬಹುದು. ಭದ್ರಾವತಿಯ ವಿ.ಐ.ಎಸ್.ಎಲ್. ಕಾರ್ಖಾನೆ 1998ರಲ್ಲಿ ಸೈಲ್ ಕಂಪೆನಿಯಲ್ಲಿ ವಿಲೀನವಾಯಿತು. ಸೈಲ್‌ನ ಒಂದು ಷೇರು ಕೊಂಡವನು ಆ ಕಾರ್ಖಾನೆಗೂ ಅತಿ ಸಣ್ಣ ಪಾಲುದಾರ. ಷೇರು ಎಂದರೆ ಜೂಜಿನ ಚೀಟಿಯಲ್ಲ, ಕಂಪೆನಿಯೊಂದರ ಪಾಲು ಎಂಬುದನ್ನು ನಾವು ಮೊದಲು ತಿಳಿದುಕೊಳ್ಳಬೇಕು.

ಪ್ಯಾನ್, ಆಧಾರ್ ಮತ್ತು ಬ್ಯಾಂಕ್ ಖಾತೆ ಇದ್ದರೆ ಡಿಮ್ಯಾಟ್ ಖಾತೆ ತೆರೆಯಬಹುದು. ಒಬ್ಬರಿಗೆ ಒಂದೇ ಡಿಮ್ಯಾಟ್ ಖಾತೆಯಿದ್ದು ಅದು ಮೂಲ ಸೇವಾ ಖಾತೆಯಾಗಿದ್ದರೆ, 2024ರ ಸೆಪ್ಟೆಂಬರ್‌ನಿಂದ 4 ಲಕ್ಷ ರೂ.ವರೆಗಿನ ಹೂಡಿಕೆಗೆ ವಾರ್ಷಿಕ ನಿರ್ವಹಣಾ ಶುಲ್ಕವಿಲ್ಲ.

ಖರ್ಚಿನ ಲೆಕ್ಕ

ಹಾಗಾದರೆ 500 ರೂಪಾಯಿ ಸಾಕೇ? ಕೊಂಡು ಇಟ್ಟುಕೊಳ್ಳಲು ಸಾಕು, ಪದೇ ಪದೇ ಮಾರಲು ಸಾಲದು. 500 ರೂ. ಷೇರು ಶೇ. 2 ಏರಿದರೆ ಲಾಭ 10 ರೂಪಾಯಿ. ಮಾರುವಾಗ ಡಿಮ್ಯಾಟ್ ಶುಲ್ಕವೇ ಸುಮಾರು 15 ರೂ. ಆದರೆ ಏರಿದರೂ ನಷ್ಟವೇ. ಅದೇ 5,000 ರೂ. ಹೂಡಿದರೆ ಲಾಭ 100 ರೂ. ಅದರಲ್ಲಿ ಕೊಳ್ಳುವಾಗ ಹಾಗೂ ಮಾರುವಾಗ ಶೇ. 0.1ರಂತೆ ವ್ಯವಹಾರ ತೆರಿಗೆ ಸುಮಾರು 10 ರೂ., ಜೊತೆಗೆ ಡಿಮ್ಯಾಟ್ ಶುಲ್ಕ. ದಲ್ಲಾಳಿ ಶುಲ್ಕವಿದ್ದರೆ ಅದೂ ಸೇರುತ್ತದೆ. ಒಂದು ವರ್ಷದೊಳಗೆ ಮಾರಿ ಬಂದ ಲಾಭಕ್ಕೆ ಶೇ. 20 ತೆರಿಗೆಯ ದರವೂ ಇದೆ. ಬಂಡವಾಳ ಚಿಕ್ಕದಾದಷ್ಟೂ ಮಾರಾಟ ಕಡಿಮೆ ಇರಬೇಕು.

ಅಪಾಯ ಎಲ್ಲಿದೆ?

ಕೊಂಡ ದಿನವೇ ಮಾರುವ ವ್ಯವಹಾರದಲ್ಲಿ 10,000 ರೂ. ಇಟ್ಟು 50,000 ರೂ.ವರೆಗಿನ ಷೇರು ಕೊಳ್ಳಬಹುದು. ಆದರೆ ಷೇರು ಶೇ. 2 ಇಳಿದರೆ 1,000 ರೂ., ಅಂದರೆ ನಮ್ಮ ಹಣದ ಹತ್ತನೇ ಒಂದು ಭಾಗ, ಒಂದೇ ದಿನ ಹೋಯಿತು. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022-23ರಲ್ಲಿ ಹೀಗೆ ವ್ಯವಹರಿಸಿದ 10 ಜನರಲ್ಲಿ 7 ಮಂದಿ ನಷ್ಟ ಅನುಭವಿಸಿದರು. 30 ವರ್ಷದೊಳಗಿನವರಲ್ಲಿ ನಷ್ಟ ಹೊಂದಿದವರು ಶೇ. 76. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಂತೂ 2021-22ರಿಂದ ಮೂರು ವರ್ಷಗಳಲ್ಲಿ ಶೇ. 93 ಮಂದಿ ವ್ಯಕ್ತಿಗತ ವ್ಯವಹಾರಸ್ಥರು ಕಳೆದುಕೊಂಡರು. ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂ. ದಾಟಿತ್ತು. ಹೊಸಬರು ಅತ್ತ ಹೋಗದಿರುವುದೇ ಲೇಸು.

ನಮ್ಮ ಸಲಹೆ

ತಿಂಗಳಿಗೆ 15,000 ರೂ. ಸಂಬಳದವರು ಮೊದಲು ಕೈಸಾಲ ತೀರಿಸಲಿ. ಮೂರರಿಂದ ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ. ಆಮೇಲೆ ಪೂರ್ತಿ ಕಳೆದುಹೋದರೂ ಮಕ್ಕಳ ಶಾಲಾ ಶುಲ್ಕ, ಮನೆ ಬಾಡಿಗೆ ನಿಲ್ಲದಷ್ಟು ಹಣ, ಹೇಳಬೇಕೆಂದರೆ 5,000ದಿಂದ 10,000 ರೂ., ಕಲಿಕೆಗೆ ಸಾಕು. ಒಂದು ವರ್ಷ ಕೊಂಡು ಇಟ್ಟು, ಕಂಪೆನಿಯ ವಾರ್ಷಿಕ ವರದಿ ಓದಿ ನೋಡಲಿ. ಹೆಂಡತಿಯ ಬಂಗಾರ ಅಡವಿಟ್ಟು, ಸಂಘದಲ್ಲಿ ಸಾಲವೆತ್ತಿ ಷೇರು ಕೊಳ್ಳುವುದು ಖಂಡಿತ ಬೇಡ. ಷೇರು ಇಳಿದರೂ ಸಾಲದ ಬಡ್ಡಿ ಇಳಿಯುವುದಿಲ್ಲ.

ವಾಟ್ಸಾಪ್‌ನಲ್ಲಿ ಖಚಿತ ಲಾಭದ ಭರವಸೆ ಬಂದರೆ ಅದು ಮೋಸವೆಂದೇ ತಿಳಿಯಿರಿ. ಹಣ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಷೇರು ಪೇಟೆಗೂ ಸಲ್ಲುತ್ತದೆ.