ಹಳೆಯ ವ್ಯಾನು: ಡೀಸೆಲ್ಲೋ, ಪೆಟ್ರೋಲೋ?

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆದು, ಹಲ್ಲು ನೋಡಿ ವಯಸ್ಸು ಹೇಳುವುದು ರೈತರಿಗೆ ಗೊತ್ತು. ಹಳೆಯ ವ್ಯಾನಿಗೆ ಹಲ್ಲಿಲ್ಲ. ಹೊಸ ಬಣ್ಣ ಬಳಿದು, ಸೀಟಿಗೆ ಕವರು ಹಾಕಿಸಿದರೆ ಅದರ ವಯಸ್ಸು ಕಣ್ಣಿಗೂ ಕಾಣುವುದಿಲ್ಲ. ವಾರದ ದಿನ ಮಕ್ಕಳನ್ನು ಶಾಲೆಗೆ ಬಿಡಲು, ರಜೆಯಲ್ಲಿ ಪಾತ್ರೆ, ಹಾಸಿಗೆ ತುಂಬಿಕೊಂಡು ಯಾತ್ರೆಗೆ ಹೋಗಲು ಇಂಥದೊಂದು ಗಾಡಿ ಕೊಳ್ಳಬಯಸುವ ದೊಡ್ಡೇರಿಯ ಕುಟುಂಬಕ್ಕೆ ಎದುರಾಗುವ ಮೊದಲ ಪ್ರಶ್ನೆ: ಡೀಸೆಲ್ಲೋ, ಪೆಟ್ರೋಲೋ? ಉತ್ತರ ತಪ್ಪಿದರೆ ಮಕ್ಕಳ ಫೀಜಿಗೆಂದು ಕೂಡಿಟ್ಟ ಹಣ ಗ್ಯಾರೇಜಿನ ಪಾಲಾದೀತು.

ಎರಡು ಎಂಜಿನ್, ಎರಡು ಗುಣ

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಸ್ಪಾರ್ಕ್ ಪ್ಲಗ್ಗಿನ ಕಿಡಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಅದು ಗಾಳಿಯನ್ನು ಸುಮಾರು 15ರಿಂದ 20 ಪಟ್ಟು ಒತ್ತುತ್ತದೆ. ಒತ್ತಡಕ್ಕೆ ಗಾಳಿ 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪು ಹೊಡೆದು ಅದರ ಬುಡ ಬಿಸಿಯಾದುದನ್ನು ಮುಟ್ಟಿ ನೋಡಿದ ವಿದ್ಯಾರ್ಥಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ.

ರುಡಾಲ್ಫ್ ಡೀಸೆಲ್ ಈ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅಂಥದೊಂದು ಎಂಜಿನ್ ಓಡಿದ್ದು ಪಾವಗಡ, ಶಿರಾ, ಮಧುಗಿರಿಯ ರೈತರು ಬೆಳೆಯುವ ಕಡಲೆಕಾಯಿಯ ಎಣ್ಣೆಯಿಂದ!

ಒತ್ತಡ ತಡೆಯಲು ಡೀಸೆಲ್ ಎಂಜಿನ್ ಗಟ್ಟಿಯಾಗಿರಬೇಕು. ಭಾರ ಎಳೆಯಲು ಅದು ಸಮರ್ಥ, ಕುಡಿಯುವುದೂ ಕಡಿಮೆ. ಆದರೆ ಅದರ ಪಂಪು, ನಾಝಲ್ ಕೆಟ್ಟರೆ ರಿಪೇರಿ ದುಬಾರಿ.

ಲೆಕ್ಕ ಏನು ಹೇಳುತ್ತದೆ?

2014ರ ಅಕ್ಟೋಬರ್‌ನಲ್ಲಿ ಸರ್ಕಾರ ಡೀಸೆಲ್ ಬೆಲೆಯ ನಿಯಂತ್ರಣ ಕೈಬಿಟ್ಟಿತು. ಹಿಂದಿನ ದೊಡ್ಡ ಅಂತರ ಈಗಿಲ್ಲ. ಲೆಕ್ಕಕ್ಕಾಗಿ ಲೀಟರ್ ಪೆಟ್ರೋಲಿಗೆ 100 ರೂಪಾಯಿ, ಡೀಸೆಲ್ಲಿಗೆ 90 ರೂಪಾಯಿ ಎನ್ನಿ. ಪೆಟ್ರೋಲ್ ವ್ಯಾನು ಲೀಟರಿಗೆ 10 ಕಿಲೋಮೀಟರ್, ಡೀಸೆಲ್ ವ್ಯಾನು 12 ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ ಉಳಿಯುವುದು ಎರಡೂವರೆ ರೂಪಾಯಿ. ಡೀಸೆಲ್ ವ್ಯಾನಿಗೆ 75,000 ರೂಪಾಯಿ ಹೆಚ್ಚು ಕೊಟ್ಟಿದ್ದರೆ, ಅದು ಹಿಂದಿರುಗಲು 30,000 ಕಿಲೋಮೀಟರ್ ಓಡಬೇಕು. ವರ್ಷಕ್ಕೆ 15,000 ಕಿಲೋಮೀಟರ್ ಓಡುವವರಿಗೆ ಎರಡು ವರ್ಷ ಸಾಕು. 5,000 ಓಡುವವರು ಆರು ವರ್ಷ ಕಾಯಬೇಕು. ಅಷ್ಟರಲ್ಲಿ ಹಳೆಯ ಗಾಡಿ ಇನ್ನಷ್ಟು ಹಳತಾಗಿರುತ್ತದೆ.

ಓಡಾಟದ ರೀತಿಯೂ ಮುಖ್ಯ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್ 6 ನಿಯಮದ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ದಿನವೂ ನಾಲ್ಕಾರು ಕಿಲೋಮೀಟರ್ ಮಾತ್ರ ಓಡಿ ನಿಂತರೆ ಅದು ಕಟ್ಟಿಕೊಳ್ಳಬಹುದು. ಪೆಟ್ರೋಲಿನಲ್ಲಿ ಈಗ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ತೀರ ಹಳೆಯ ಪೆಟ್ರೋಲ್ ಗಾಡಿಯಾದರೆ ಇಂಧನದ ರಬ್ಬರ್ ಪೈಪುಗಳನ್ನು ಮೆಕ್ಯಾನಿಕ್‌ಗೆ ತೋರಿಸುವುದು ಒಳ್ಳೆಯದು.

ಮುಂಗಡ ಕೊಡುವ ಮುನ್ನ

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಗಾಡಿ ನೋಡಬೇಕು. ಬಾನೆಟ್ ಮೊದಲೇ ಬೆಚ್ಚಗಿದ್ದರೆ ಸಂಶಯಪಡಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಡೀಸೆಲ್ ಗಾಡಿಯ ದಟ್ಟ ಕಪ್ಪು ಹೊಗೆ ನಾಝಲ್ ಅಥವಾ ಏರ್ ಫಿಲ್ಟರಿನ ದೋಷ ತೋರಿಸಬಹುದು.

ಆರ್‌ಸಿ ಪುಸ್ತಕವನ್ನೂ ಓದಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಮಾತ್ರ ನವೀಕರಣ. ಪರದೇಶದ ಮೋಟಾರ್ ಹೋಮ್‌ನಂತೆ ಮಂಚ, ಒಲೆ ಕೂರಿಸಿ ವ್ಯಾನಿನ ಸ್ವರೂಪ ಬದಲಿಸುವುದಾದರೆ ಸಾರಿಗೆ ಕಚೇರಿಯ ಅನುಮತಿ ಬೇಕು. ಮಧುಗಿರಿಯಲ್ಲೇ ಕೆಎ 64ರ ಕಚೇರಿ ಇರುವುದರಿಂದ ಮೊದಲೇ ವಿಚಾರಿಸುವುದು ಕಷ್ಟವಲ್ಲ. ಅಡುಗೆ ಅನಿಲದ ಸಿಲಿಂಡರನ್ನು ಸೀಟಿನ ಕೆಳಗಿಟ್ಟು ಹೊರಡುವುದು ಪ್ರಾಣಕ್ಕೇ ಅಪಾಯ.

ವರ್ಷಕ್ಕೆ ಎಷ್ಟು ಓಡಾಟ ಎಂಬುದನ್ನು ಮನೆಯ ಮಕ್ಕಳ ಕೈಯಲ್ಲೇ ಕಾಗದದ ಮೇಲೆ ಬರೆಸುವುದು ಲೇಸು. ಹೆಚ್ಚು ದೂರ, ಹೆಚ್ಚು ಭಾರವಿದ್ದರೆ ಡೀಸೆಲ್. ಅಪರೂಪದ, ಹತ್ತಿರದ ಓಡಾಟಕ್ಕೆ ಪೆಟ್ರೋಲ್. ಎರಡರಲ್ಲೂ ಎಂಜಿನ್ ಸರಿಯಿಲ್ಲದಿದ್ದರೆ ಯಾವುದೂ ಅಗ್ಗವಲ್ಲ.