ಬೀದಿಯನ್ನು ಕಾದ ಮಹಿಳೆ

ಬೀದಿಯ ದೀಪಗಳು ಇನ್ನೂ ಉರಿಯುತ್ತಿರುವಾಗಲೇ ಮಾಟುಂಗದಲ್ಲೋ ಕೋಟೆ ಭಾಗದಲ್ಲೋ ನಮ್ಮವರ ಹೋಟೆಲೊಂದರ ಬಾಗಿಲು ತೆರೆಯುತ್ತದೆ. ಮಾಣಿಯೊಬ್ಬನು ಮೆಟ್ಟಿಲಿಗೆ ನೀರು ಹಾಕಿ ತೊಳೆಯುತ್ತಾನೆ. ಹಾಲಿನವನು, ಪತ್ರಿಕೆ ಹಂಚುವ ಹುಡುಗ, ರಾತ್ರಿಪಾಳಿ ಮುಗಿಸಿ ಬರುವ ಕಾವಲುಗಾರ, ಮೊದಲ ಲೋಕಲ್ ಗಾಡಿಗೆ ಓಡುವ ದಾದಿ, ಇವರೆಲ್ಲರನ್ನೂ ಅವನು ಬಲ್ಲನು. ಹೊಸ ಮುಖವೊಂದು ಬೀದಿಯಲ್ಲಿ ಎರಡು ಸಲ ಸುಳಿದರೆ ಅವನ ಕಣ್ಣು ಅತ್ತ ತಿರುಗುತ್ತದೆ. ಗಲ್ಲೆಯ ಮೇಲೆ ಕುಳಿತ ಯಜಮಾನರ ಬಳಿ ಮೇಲಿನ ಮಹಡಿಯವರು ಖೋಲಿಯ ಬೀಗದ ಕೈಯನ್ನು ಇಟ್ಟು ಹೋಗುವುದೂ, ಊರಿನಿಂದ ಬಂದ ಗಂಟನ್ನು ಸಂಜೆಯವರೆಗೆ ಬಿಟ್ಟು ಹೋಗುವುದೂ ನಾವು ಕಂಡದ್ದೇ. ಇದಕ್ಕೆ ಸಂಬಳವಿಲ್ಲ; ಇದನ್ನು ಯಾರೂ ಒಂದು ಉದ್ಯೋಗವೆಂದು ಎಣಿಸುವುದೂ ಇಲ್ಲ.

ಎಣಿಸಿದವರು ಒಬ್ಬರಿದ್ದರು. ಮಹಾನಗರವೊಂದು ಬಾಳುವುದು ಇಂಥ ಲೆಕ್ಕವಿಲ್ಲದ ಕೆಲಸದ ಆಧಾರದ ಮೇಲೆಯೇ ಎಂದು 1961ರಲ್ಲಿ ಗ್ರಂಥವೊಂದನ್ನು ಬರೆದು, ನ್ಯೂಯಾರ್ಕಿನ ದೊಡ್ಡ ದೊಡ್ಡ ಯೋಜನಾಕರ್ತರ ನಿದ್ದೆಗೆಡಿಸಿದ ಶ್ರೀಮತಿ ಜೇನ್ ಜೇಕಬ್ಸ್ ಅವರೇ ಆ ಮಹಿಳೆ. ಅವರ ಕಥೆ ದೂರದೇಶದ್ದಾದರೂ, ಹೋಟೆಲಿನಲ್ಲಿ ದುಡಿಯುವವರಿಗೂ ಕಛೇರಿಗೆ ಬಸ್ಸಿನಲ್ಲಿ ಹೋಗುವವರಿಗೂ ತೀರ ಹತ್ತಿರದ್ದು.

ಅವರು ವಾಸ್ತುಶಿಲ್ಪಿಯಲ್ಲ, ಎಂಜಿನಿಯರಲ್ಲ, ಪದವೀಧರೆಯೂ ಅಲ್ಲ. 1916ರಲ್ಲಿ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಎಂಬ ಕಲ್ಲಿದ್ದಲ ಪಟ್ಟಣದಲ್ಲಿ ಜನಿಸಿದ ಅವರು ಪ್ರೌಢಶಾಲೆಯ ಬಳಿಕ ಶೀಘ್ರಲಿಪಿ ಕಲಿತು, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ನ್ಯೂಯಾರ್ಕಿಗೆ ಬಂದು ಕಛೇರಿಗಳಲ್ಲಿ ಗುಮಾಸ್ತೆಯಾಗಿ ದುಡಿದರು. ಕೆಲಸ ಹುಡುಕುತ್ತ ಅಲೆಯುತ್ತಿದ್ದಾಗ ಒಂದು ದಿನ ಭೂಗತ ರೈಲಿನಿಂದ ಕ್ರಿಸ್ಟೋಫರ್ ಸ್ಟ್ರೀಟ್ ಎಂಬ ನಿಲ್ದಾಣದಲ್ಲಿ ಇಳಿದರಂತೆ. ಕಾರಣ ಇಷ್ಟೇ, ಆ ಹೆಸರು ಅವರಿಗೆ ಹಿಡಿಸಿತು. ಮೇಲೆ ಬಂದು ನೋಡಿದರೆ ಗ್ರೀನಿಚ್ ವಿಲೇಜ್. ಸಣ್ಣ ಸಣ್ಣ ಬೀದಿಗಳು, ಅಂಗಡಿಗಳು, ಮೇಲೆ ಮನೆಗಳು. ಬಿಡಾರವೆಂದರೆ ಇಲ್ಲಿಯೇ ಎಂದು ನಿಶ್ಚಯಿಸಿಬಿಟ್ಟರು. ಬಿಡುವಿನ ವೇಳೆಯಲ್ಲಿ ತುಪ್ಪುಳುಚರ್ಮದ ಪೇಟೆ, ಚರ್ಮದ ಪೇಟೆ, ವಜ್ರದ ಪೇಟೆ, ಹೂವಿನ ಪೇಟೆ ಎಂದು ಸುತ್ತಿ, ಅಲ್ಲಿಯ ವ್ಯಾಪಾರದ ಗುಟ್ಟುಗಳನ್ನು ಕುರಿತು ಪತ್ರಿಕೆಗೆ ಲೇಖನ ಬರೆದರು. 1944ರಲ್ಲಿ ಒಬ್ಬ ವಾಸ್ತುಶಿಲ್ಪಿಯನ್ನು ವಿವಾಹವಾಗಿ, ಮುಂದೆ ಹಡ್ಸನ್ ಬೀದಿಯ 555ನೆಯ ಸಂಖ್ಯೆಯ ಹಳೆಯ ಕಟ್ಟಡವನ್ನು ಕೊಂಡರು. ಕೆಳಗೆ ಹಿಂದೆ ಮಿಠಾಯಿ ಅಂಗಡಿಯಿದ್ದ ಮನೆ ಅದು. ವಾಸ್ತುಶಿಲ್ಪ ಪತ್ರಿಕೆಯೊಂದರಲ್ಲಿ ಉದ್ಯೋಗ ದೊರೆತದ್ದು 1952ರಲ್ಲಿ. ಕಛೇರಿಗೆ ಹೋಗುತ್ತಿದ್ದುದು ಸೈಕಲ್ಲಿನಲ್ಲಿ.

ಆ ಕಾಲದ ಅಮೆರಿಕೆಯಲ್ಲಿ ಹಳೆಯ ಪೇಟೆಯೆಂದರೆ ಕೊಳೆಗೇರಿ, ಅದನ್ನು ಕೆಡವಿ ನೆಲಸಮ ಮಾಡುವುದೇ ಸುಧಾರಣೆ ಎಂಬ ಭಾವನೆ ಬೇರೂರಿತ್ತು. ಕೆಡವಿದಲ್ಲಿ ಎತ್ತರದ ಕಟ್ಟಡಗಳು, ನಡುವೆ ಹುಲ್ಲುಹಾಸು. ಅಂಗಡಿ ಒಂದು ಕಡೆ, ಮನೆ ಮತ್ತೊಂದು ಕಡೆ, ಕಛೇರಿ ಇನ್ನೊಂದು ಕಡೆ. ಇವುಗಳ ನಡುವೆ ಕಾರು ಓಡಲು ಹೆದ್ದಾರಿ. ಈ ಬಗೆಯ ಕಟ್ಟಡಗಳನ್ನು ಶ್ರೀಮತಿ ಜೇಕಬ್ಸ್ ಪೂರ್ವ ಹಾರ್ಲೆಮ್‌ನಲ್ಲಿ ನೋಡಿದರು. ಅಲ್ಲಿಯ ಬಡ ನಿವಾಸಿಗಳು ಆ ಹುಲ್ಲುಹಾಸನ್ನು ಕಂಡರೆ ಉರಿದುಬೀಳುತ್ತಿದ್ದರು. ಏಕೆಂದು ಕೇಳಿದಾಗ ತಿಳಿಯಿತು: ಮನೆ ಕಟ್ಟಿದವರು ಅವರನ್ನು ಏನು ಬೇಕೆಂದು ಕೇಳಿರಲೇ ಇಲ್ಲ. ಹಳೆಯ ನೆರೆಹೊರೆ ಚದುರಿ ಹೋಗಿತ್ತು. ಒಂದು ಕಪ್ಪು ಕಾಫಿ ಕುಡಿಯಲು, ಪತ್ರಿಕೆಯೊಂದನ್ನು ಕೊಳ್ಳಲು, ಪರಿಚಯದವರಲ್ಲಿ 50 ಸೆಂಟು ಕೈಗಡ ಕೇಳಲು ಅಲ್ಲಿ ಒಂದು ಸ್ಥಳವಿರಲಿಲ್ಲ. ಕಾಫಿಯಿಲ್ಲದ ಬಡಾವಣೆಯಲ್ಲಿ ಹುಲ್ಲು ಎಷ್ಟು ಹಸುರಾಗಿದ್ದರೇನು! 1958ರಲ್ಲಿ ಅವರು ‘ಫಾರ್ಚೂನ್’ ಪತ್ರಿಕೆಯಲ್ಲಿ ನಗರದ ಪೇಟೆಯಿರುವುದು ಜನರಿಗಾಗಿ ಎಂಬರ್ಥದ ತಲೆಬರಹದ ಲೇಖನವನ್ನು ಬರೆದರು. ಅದರಿಂದ ಬೆಳೆದು ಬಂದುದೇ ‘ದಿ ಡೆತ್ ಆಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್’ ಎಂಬ 1961ರ ಗ್ರಂಥ.

ಆ ಗ್ರಂಥದ ಮೊದಲ ಭಾಗದಲ್ಲಿ ಬರುವುದು ಮೇಯರರಲ್ಲ, ಮಂತ್ರಿಗಳಲ್ಲ. ಹಡ್ಸನ್ ಬೀದಿಯ ಅಂಗಡಿಕಾರರು. ತಿಂಡಿತೀರ್ಥದ ಸಾಮಾನು ಮಾರುವ ಒಬ್ಬನ ಬಳಿ ಯಾವಾಗ ನೋಡಿದರೂ ನೆರೆಯವರ ಹನ್ನೆರಡರಷ್ಟು ಬೀಗದ ಕೈಗಳಿರುತ್ತಿದ್ದುವಂತೆ. ಮಿಠಾಯಿ ಅಂಗಡಿಯವನು ಶಾಲೆಯ ಮಕ್ಕಳನ್ನು ರಸ್ತೆ ದಾಟಿಸುವನು, ಒಬ್ಬರಿಗೆ ಕೊಡೆಯನ್ನೂ ಮತ್ತೊಬ್ಬರಿಗೆ ಡಾಲರನ್ನೂ ಎರವಲು ಕೊಡುವನು. ಅವರೇ ಕಣ್ಣಾರೆ ಕಂಡ ಒಂದು ಪ್ರಸಂಗವುಂಟು. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಯಾರೋ ಗಂಡಸು ಪುಸಲಾಯಿಸಿ ಕರೆದೊಯ್ಯಲು ನೋಡುತ್ತಿದ್ದ. ಹುಡುಗಿ ಗೋಡೆಗೆ ಒತ್ತಿ ನಿಂತು ಕದಲಲೊಲ್ಲಳು. ಶ್ರೀಮತಿ ಜೇಕಬ್ಸ್ ಮಹಡಿಯ ಕಿಟಕಿಯಿಂದ ನೋಡಿ ಕೆಳಗಿಳಿಯಬೇಕೇ ಎಂದು ಯೋಚಿಸುವಷ್ಟರಲ್ಲಿ ಮಾಂಸದಂಗಡಿಯ ಹೆಂಗಸು ಹೊರಗೆ ಬಂದು ಕೈಕಟ್ಟಿ ನಿಂತಿದ್ದಳು. ಎದುರು ಬದಿಯಿಂದ ತಿಂಡಿಯಂಗಡಿಯವನು ಬಂದ. ಬೀಗದವನು, ಹಣ್ಣಿನವನು, ಬಟ್ಟೆ ಒಗೆಯುವವನು ಎಲ್ಲರೂ ಒಬ್ಬೊಬ್ಬರಾಗಿ ಸೇರಿ, ಮಾತಿಲ್ಲದೆ ಆ ಗಂಡಸನ್ನು ಸುತ್ತುವರಿದರು. ವಿಚಾರಿಸಿದರೆ ಅವನು ಆ ಮಗುವಿನ ತಂದೆಯೇ! ಆದರೂ ಓದಿದವರಿಗೆ ಬೀದಿಯ ಮರ್ಮ ಮನಸ್ಸಿಗೆ ನಾಟುತ್ತದೆ. ಪೋಲೀಸರಿಲ್ಲದ ಹೊತ್ತಿನಲ್ಲಿಯೂ ಅಲ್ಲಿ ಕಾವಲಿತ್ತು. ಕಾವಲಿಗೆ ನಿಂತವರು ಬೆಳಗಿನಿಂದ ರಾತ್ರಿಯವರೆಗೆ ಬಾಗಿಲು ತೆರೆದಿಟ್ಟುಕೊಂಡ ಸಣ್ಣ ವ್ಯಾಪಾರಿಗಳು.

ಪೇಟೆಗೆ ಜೀವ ಬರಬೇಕಾದರೆ ಹಳೆಯ ಕಟ್ಟಡಗಳೂ ಬೇಕು ಎಂಬುದು ಅವರ ಇನ್ನೊಂದು ವಾದ. ಹೊಸ ಕಟ್ಟಡದ ಬಾಡಿಗೆಯನ್ನು ತೆರಬಲ್ಲವರು ಬ್ಯಾಂಕಿನವರು, ದೊಡ್ಡ ಕಂಪೆನಿಯವರು. ಹೊಸದಾಗಿ ವ್ಯಾಪಾರಕ್ಕೆ ಕೈ ಹಾಕುವ ಬಡವನಿಗೆ ಸಾಲ ತೀರಿದ ಹಳೆಯ ಕಟ್ಟಡದ ಒಂದು ಮೂಲೆಯೇ ಗತಿ. ಉಡುಪಿ, ಮಂಗಳೂರು, ಕುಂದಾಪುರಗಳಿಂದ ಹೊರಟು ಮುಂಬಯಿಯಲ್ಲಿ ಒಲೆ ಹೂಡಿದವರ ಚರಿತ್ರೆಯನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾರಿಗೆಯ ವಿಷಯದಲ್ಲಿಯೂ ಅವರ ದೃಷ್ಟಿ ಗುಮಾಸ್ತನ ದೃಷ್ಟಿಯೇ. ಕಾರಿಗಾಗಿ ರಸ್ತೆ ಅಗಲವಾದರೆ ಕಾರುಗಳು ಹೆಚ್ಚುತ್ತವೆ. ಅವುಗಳನ್ನು ನಿಲ್ಲಿಸಲು ಅಂಗಡಿಗಳು ಬೀಳುತ್ತವೆ. ನಡೆದು ಬರುವವರು ಕಡಿಮೆಯಾಗುತ್ತಾರೆ. ಜನವಿಲ್ಲದ ಬಸ್ಸು ತಡವಾಗಿ ಬರುತ್ತದೆ. ತಡವಾದ ಬಸ್ಸಿಗೆ ಬೇಸತ್ತವನು ಕಾರು ಕೊಳ್ಳುತ್ತಾನೆ. ಮತ್ತೆ ರಸ್ತೆ ಸಾಲದಾಗುತ್ತದೆ. ಮ್ಯಾನ್‌ಹಟನ್ನಿನ ದೊಡ್ಡ ಬೀದಿಗಳನ್ನು ಏಕಮುಖ ಸಂಚಾರಕ್ಕೆ ತಿರುಗಿಸಿದಾಗ ಬಸ್ಸಿನ ಪ್ರಯಾಣಿಕರು ಇಳಿದುಹೋದುದನ್ನು ಅವರು ಎತ್ತಿ ತೋರಿಸಿದರು. ಹೋಗುವಾಗ ಒಂದು ಬೀದಿ, ಬರುವಾಗ ಮತ್ತೊಂದು ಬೀದಿ ಎಂದಾದರೆ ಬಸ್ಸು ಹಿಡಿಯಲು ದೂರ ನಡೆಯಬೇಕಾದವನು ಪ್ರಯಾಣಿಕನೇ ತಾನೆ?

ವಿದ್ವಾಂಸರು ಸುಮ್ಮನಿರಲಿಲ್ಲ. ಸುಪ್ರಸಿದ್ಧ ಲೇಖಕ ಲೂಯಿಸ್ ಮಮ್‌ಫರ್ಡರು 1962ರಲ್ಲಿ ಅವರ ವಿಚಾರಗಳನ್ನು ಅಜ್ಜಿಮದ್ದೆಂದು ಹಾಸ್ಯ ಮಾಡಿದರು. ಅಜ್ಜಿಮದ್ದಿನಿಂದ ವಾಸಿಯಾದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆ ಮಾತು ಹಾಗಿರಲಿ.

ಬರೆದು ಕುಳಿತಿದ್ದರೆ ಅವರನ್ನು ನಾವು ಲೇಖಕಿಯೆಂದು ಮಾತ್ರ ನೆನೆಯುತ್ತಿದ್ದೆವು. ಅವರ ನೆರೆಹೊರೆಗೆ ಒಂದರ ಮೇಲೊಂದು ಗಂಡಾಂತರ ಬಂದಿತು. ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ, ಜನರಿಂದ ಯಾವ ಪದವಿಗೂ ಚುನಾಯಿತರಾಗದೆಯೇ ನ್ಯೂಯಾರ್ಕಿನ ಸೇತುವೆ, ಹೆದ್ದಾರಿ, ಉದ್ಯಾನಗಳೆಲ್ಲವನ್ನೂ ದಶಕಗಳ ಕಾಲ ಕೈಯಲ್ಲಿಟ್ಟುಕೊಂಡವರು, ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದ ನಡುವೆಯೇ ರಸ್ತೆಯನ್ನು ಹಾಯಿಸಲು ಹೊರಟಿದ್ದರು. 1952ರಲ್ಲಿ ಶರ್ಲಿ ಹೇಯ್ಸ್ ಎಂಬ ತಾಯಿ ಅದರ ವಿರುದ್ಧ ನೆರೆಯವರನ್ನು ಕೂಡಿಸಿದರು. ಶ್ರೀಮತಿ ಜೇಕಬ್ಸ್ ಅದರಲ್ಲಿ ಸೇರಿದರು. 1958ರಲ್ಲಿ ಉದ್ಯಾನಕ್ಕೆ ಕಾರುಗಳ ಪ್ರವೇಶವನ್ನು ನಿಲ್ಲಿಸಿದ ದಿನ ಅಲ್ಲಿ ರಿಬ್ಬನ್ ಕತ್ತರಿಸಲಿಲ್ಲ, ಕಟ್ಟಿದರು! 1961ರಲ್ಲಿ ಅವರ ಸ್ವಂತ ಬೀದಿಯನ್ನೊಳಗೊಂಡ 14 ಬ್ಲಾಕುಗಳನ್ನೇ ಕೊಳೆಗೇರಿಯ ಪಟ್ಟಿಗೆ ಸೇರಿಸುವ ಯತ್ನ ನಡೆಯಿತು. ನೆರೆಯವರು ಒಂದಾಗಿ ಒಂದು ವರ್ಷ ಹೋರಾಡಿದ ಮೇಲೆ ನಗರಾಡಳಿತ ಹಿಂದೆಗೆಯಿತು.

ದೊಡ್ಡ ಯುದ್ಧ ಇನ್ನೂ ಬಾಕಿಯಿತ್ತು. ಕೆಳ ಮ್ಯಾನ್‌ಹಟನ್ನಿನ ಬ್ರೂಮ್ ಬೀದಿಯುದ್ದಕ್ಕೂ ಹತ್ತು ಸಾಲಿನ ಎತ್ತರದ ಹೆದ್ದಾರಿಯೊಂದನ್ನು ಹಾಯಿಸುವ ಯೋಜನೆ. ಸುಮಾರು 2,000 ಕುಟುಂಬಗಳೂ 800ಕ್ಕೂ ಮೇಲ್ಪಟ್ಟ ಅಂಗಡಿ ಕಾರ್ಖಾನೆಗಳೂ ಏಳಬೇಕಾಗಿತ್ತು. 1962ರಲ್ಲಿ ಅದನ್ನು ಸೋಲಿಸಿದರೂ ಮತ್ತೆ ತಲೆಯೆತ್ತಿತು. 1968ರ ಏಪ್ರಿಲ್ 10ರಂದು ಶಾಲೆಯೊಂದರಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ಮೈಕು ಅಧಿಕಾರಿಗಳತ್ತ ಮುಖ ಮಾಡದೆ ಸಭಿಕರತ್ತ ಮುಖ ಮಾಡಿತ್ತು. ನಾವು ನಮ್ಮಲ್ಲೇ ಮಾತಾಡಿಕೊಳ್ಳಬೇಕಾಗಿದೆ, ಕೇಳುವವರಿಲ್ಲ ಎಂಬುದು ಶ್ರೀಮತಿ ಜೇಕಬ್ಸರಿಗೆ ಹೊಳೆಯಿತು. ಅವರು ವೇದಿಕೆಯನ್ನೇರಿ ನಡೆದರು, ಜನ ಹಿಂಬಾಲಿಸಿದರು. ಆ ಗೊಂದಲದಲ್ಲಿ ಶೀಘ್ರಲಿಪಿ ಯಂತ್ರದ ಕಾಗದದ ಸುರುಳಿ ಬಿಚ್ಚಿ ಚೆಲ್ಲಾಪಿಲ್ಲಿಯಾಯಿತು. ವರದಿಯಿಲ್ಲದ ಮೇಲೆ ವಿಚಾರಣೆಯೂ ನಡೆದಿಲ್ಲ ಎಂದು ಅವರು ಸಾರಿದರು! ಒಂದು ಕಾಲದಲ್ಲಿ ಶೀಘ್ರಲಿಪಿಯಿಂದ ಹೊಟ್ಟೆ ಹೊರೆದವರಿಗೆ ಆ ಸುರುಳಿಯ ಬೆಲೆ ಗೊತ್ತಿಲ್ಲದೆ ಹೋದೀತೆ? ಪೋಲೀಸರು ಅವರನ್ನು ಬಂಧಿಸಿ ದೊಂಬಿಯ ಆಪಾದನೆ ಹೊರಿಸಿದರು. ಆದರೆ ಮರುವರ್ಷ, 1969ರಲ್ಲಿ, ಆ ಹೆದ್ದಾರಿ ನಗರದ ನಕಾಶೆಯಿಂದಲೇ ಅಳಿಸಿಹೋಯಿತು.

ಅಷ್ಟರಲ್ಲಿ ಅವರು ನ್ಯೂಯಾರ್ಕನ್ನು ಬಿಟ್ಟಾಗಿತ್ತು. ವಿಯೆಟ್ನಾಂ ಯುದ್ಧಕ್ಕೆ ಗಂಡುಮಕ್ಕಳನ್ನು ಕಳುಹಿಸಲು ಒಪ್ಪದೆ 1968ರಲ್ಲಿಯೇ ಸಂಸಾರಸಮೇತ ಕೆನಡಾದ ಟೊರಾಂಟೋ ನಗರಕ್ಕೆ ಹೋದರು. ಅಲ್ಲಿಯೂ ಗ್ರಹಚಾರ ಬಿಡಲಿಲ್ಲ. ಅವರು ನೆಲಸಿದ ಭಾಗವನ್ನು ಸೀಳಿಕೊಂಡು ಸ್ಪಡೈನಾ ಎಂಬ ಹೆದ್ದಾರಿ ಬರುವುದರಲ್ಲಿತ್ತು. ಪುನಃ ಸಭೆ, ಪುನಃ ಮನವಿ. 1971ರ ಜೂನ್ 3ರಂದು ಪ್ರಾಂತದ ಮುಖ್ಯಸ್ಥ ವಿಲಿಯಂ ಡೇವಿಸ್ ಅದನ್ನು ನಿಲ್ಲಿಸಿದರು. ಸಾರಿಗೆಯಿರುವುದು ಮೋಟಾರಿಗಾಗಿಯಲ್ಲ, ಮನುಷ್ಯರಿಗಾಗಿ ಎಂಬುದೇ ಅವರು ಶಾಸನಸಭೆಯಲ್ಲಿ ಹೇಳಿದ ಮಾತಿನ ತಾತ್ಪರ್ಯ.

ಟೊರಾಂಟೋದ ಇನ್ನೊಂದು ಸಂಗತಿಯನ್ನು ಮುಂಬಯಿಯವರಾದ ನಾವು ಕೊಂಚ ಹೊಟ್ಟೆಕಿಚ್ಚಿನಿಂದಲೇ ಹೇಳಬೇಕು. 1874ರಲ್ಲಿ ಕುದುರೆ ಎಳೆಯುವ ಗಾಡಿಯಾಗಿ ಪ್ರಾರಂಭವಾಗಿ 1907ರಲ್ಲಿ ವಿದ್ಯುತ್ತಿನಿಂದ ಓಡಿದ ನಮ್ಮ ಟ್ರಾಮು 1964ರ ಮಾರ್ಚ್ 31ರ ರಾತ್ರಿ ಬೋರಿಬಂದರದಿಂದ ದಾದರಿಗೆ ಹೋದುದೇ ಕೊನೆ. ಟೊರಾಂಟೋದವರೂ ತಮ್ಮ ಟ್ರಾಮುಗಳನ್ನು ಕಿತ್ತೊಗೆಯುವುದರಲ್ಲಿದ್ದರು. ಅಲ್ಲಿಯ ಸಾಮಾನ್ಯ ನಾಗರಿಕರ ಸಮಿತಿಯೊಂದು ಲೆಕ್ಕಪತ್ರಗಳೊಡನೆ ಹೋಗಿ ವಾದಿಸಿ, 1972ರ ನವೆಂಬರಿನಲ್ಲಿ ಆ ತೀರ್ಮಾನವನ್ನು ಬದಲಾಯಿಸಿತು. ಇದು ಜೇಕಬ್ಸ್ ಒಬ್ಬರ ಕೆಲಸವಲ್ಲ. ಗಾಳಿ ಬೀಸತೊಡಗಿತ್ತು ಎನ್ನಬಹುದು. ಕೈಬಿಟ್ಟ ಹೆದ್ದಾರಿಯ ಜಾಡಿನ ಒಂದು ಭಾಗದಲ್ಲಿ 1978ರಲ್ಲಿ ಭೂಗತ ರೈಲು ಬಂದಿತು. ಸ್ಪಡೈನಾ ಬೀದಿಯಲ್ಲಿ 1997ರಲ್ಲಿ ಟ್ರಾಮು ಓಡಿತು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಸಂಶಯವನ್ನು ಮುಚ್ಚಿಡಲಾರೆವು. ಉಳಿದುಕೊಂಡ ಹಡ್ಸನ್ ಬೀದಿಯಲ್ಲಿ ಇಂದು ಶೀಘ್ರಲಿಪಿಯ ಗುಮಾಸ್ತೆಯೊಬ್ಬಳು ಬಿಡಾರ ಹೂಡುವಂತಿಲ್ಲ. ಬಾಡಿಗೆ ಸಿರಿವಂತರಿಗೆ ಮಾತ್ರ ಎಟುಕುವಂತಾಗಿದೆ. ಪೇಟೆಯನ್ನು ಉಳಿಸಿದವರು ಅಲ್ಲಿಯ ಬಡವನನ್ನು ಉಳಿಸಲಿಲ್ಲವೇ ಎಂದು ಟೀಕಾಕಾರರು ಕೇಳುತ್ತಾರೆ. ಯಶಸ್ಸೇ ಬೀದಿಗೆ ಮುಳುವಾಗಬಹುದೆಂದು ಅವರು 1961ರಲ್ಲಿಯೇ ಎಚ್ಚರಿಸಿದ್ದರು. ಆಮೇಲೆ ನೆರೆಯವರೊಡನೆ ಕೂಡಿ, ಯಾರನ್ನೂ ಎಬ್ಬಿಸದೆ ಅಗ್ಗದ ಮನೆಗಳನ್ನು ಕಟ್ಟುವ ಯೋಜನೆಯನ್ನು ತಾವೇ ಮುಂದಿಟ್ಟರು. ಅಂಥ 420 ಮನೆಗಳು ಮೇಲೆದ್ದುದು 1970ರ ದಶಕದ ನಡುವಿನಲ್ಲಿ. ಅಷ್ಟರಿಂದ ಸಾಲಲಿಲ್ಲ ಎಂಬುದು ನಿಜವೇ. ಆದರೆ ಹೆದ್ದಾರಿ ಬಂದಿದ್ದರೆ ಬಡವನಿಗೆ ಮನೆ ಸಿಗುತ್ತಿತ್ತೆಂದು ಹೇಳುವವರನ್ನು ನಾವು ಇನ್ನೂ ಕಂಡಿಲ್ಲ.

ನಮ್ಮಲ್ಲಿಯೂ ತಕ್ಕಡಿಯ ಎರಡು ತಟ್ಟೆಗಳಿವೆ. 2024ರಲ್ಲಿ ಕಡಲತೀರದ ಹೆದ್ದಾರಿ ಕಾರಿನವರಿಗೆ ತೆರೆಯಿತು. 2025ರ ಅಕ್ಟೋಬರಿನಲ್ಲಿ ಭೂಗತ ಮೆಟ್ರೋ ಕೋಟೆ ಭಾಗವನ್ನು ಹಾದು ಕಫ್ ಪರೇಡಿನವರೆಗೆ ಮುಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಸ್ಟ್ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 10 ಆಯಿತು. ಹಳೆಯ ಡೀಸೆಲ್ ಡಬಲ್ ಡೆಕ್ಕರ್ 2023ರ ಸೆಪ್ಟೆಂಬರಿನಲ್ಲಿಯೇ ವಿದಾಯ ಹೇಳಿತ್ತು. ಇದರಲ್ಲಿ ಯಾವುದರಿಂದ ಪೇಟೆಗೆ ಜನ ಬರುತ್ತಾರೆ, ಯಾವುದರಿಂದ ಹೊರಡುತ್ತಾರೆ ಎಂಬುದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಗಲ್ಲೆಯ ಮೇಲೆ ಕುಳಿತವರು ನಮಗಿಂತ ಚೆನ್ನಾಗಿ ಹೇಳಬಲ್ಲರು.

ಶ್ರೀಮತಿ ಜೇಕಬ್ಸ್ ಟೊರಾಂಟೋದಲ್ಲಿ 2006ರ ಏಪ್ರಿಲ್ 25ರಂದು, 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷದಿಂದ ಮೇ ತಿಂಗಳ ಆರಂಭದಲ್ಲಿ ಅಲ್ಲಿಯ ಜನ ಅವರ ಹೆಸರಿನಲ್ಲಿ ತಂಡ ಕಟ್ಟಿಕೊಂಡು ತಮ್ಮ ತಮ್ಮ ಬೀದಿಗಳಲ್ಲಿ ನಡೆಯತೊಡಗಿದರು. ಆ ಪದ್ಧತಿ ಬೇರೆ ದೇಶಗಳ ನಗರಗಳಿಗೂ ಹಬ್ಬಿತು. ಅದಕ್ಕೆ ಶುಲ್ಕವಿಲ್ಲ. ಮುಂದೆ ನಿಂತು ನಡೆಸುವವನಿಗೆ ಯಾವ ಪದವಿಯೂ ಬೇಕಾಗಿಲ್ಲ, ಬೀದಿಯ ಪರಿಚಯವಿದ್ದರಾಯಿತು.